ಕಲ್ಲೆಳೆದ ಕಾರಹುಣ್ಣಿಮೆ

ನಮ್ಮ ಯಜಮಾನರ ಕಾಕಾ ಮನುಷ್ಯರಿಗಿಂತ ಕಲ್ಲುಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತಿದ್ದರು ಎಂದರೆ ನಂಬುತ್ತೀರಾ? ಬೀಗರು ಬಂದರೆ ‘ಹ್ಞಾಂ, ಕೂಡ್ರಿ’ ಎಂದು ಗೋಡೆಯ ಕಡೆ ನೋಡುವವರು, ಹೊಲದ ಬಂಡೆಯೊಂದು ಅಂಗಳಕ್ಕೆ ಬಂತೆಂದರೆ ಅದರ ಸುತ್ತ ಪ್ರದಕ್ಷಿಣೆ ಹಾಕಿ, ‘ಇಲ್ಲಿ ಬಿಸಲ ಬಡೀತೈತೇನ ನಿನಗ?’ ಎಂದು ವಿಚಾರಿಸುತ್ತಿದ್ದರು!

ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದ ನಾನು ಬಸವನ ಬಾಗೇವಾಡಿ ಸಮೀಪದ ಈ ಊರಿಗೆ ಸೊಸೆಯಾಗಿ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮಾವನವರು, ಅಂದರೆ ಕಾಕಾನ ಅಣ್ಣ, ಸೊಲ್ಲಾಪುರದಿಂದ ಒಂದು ಹಳೆಯ ಕೆಂಪು ಟ್ರ್ಯಾಕ್ಟರ್ ತಂದಿದ್ದರು. ಎಷ್ಟು ಸಣ್ಣದೆಂದರೆ, ನಮ್ಮ ಎತ್ತುಗಳು ಅದನ್ನು ಕರುವೆಂದು ತಿಳಿದು ಮೂಸಿ ನೋಡಿದ್ದವು. ಅದನ್ನು ತರಲು ಜೊತೆಗೆ ಹೋಗಿದ್ದ ಕಾಕಾ ಅಲ್ಲಿ ಯಾವುದೋ ಬಂಗಲೆಯ ತೋಟದಲ್ಲಿ ಹೂಗಿಡಗಳ ನಡುವೆ ದೊಡ್ಡ ದೊಡ್ಡ ಬಂಡೆ ಇಟ್ಟದ್ದನ್ನು ಕಂಡುಬಂದರು. ಮುಗಿಯಿತು! ಉಳಲು ಎತ್ತುಗಳಿವೆಯಲ್ಲ, ಟ್ರ್ಯಾಕ್ಟರ್ ಕಲ್ಲು ಎಳೆಯಲಿ ಎಂದರು.

ಮೊದಲ ಬಂಡೆಗೆ ಸರಪಳಿ ಬಿಗಿದು ಎಳೆದಾಗ ಬಂಡೆ ಅಲುಗಲಿಲ್ಲ, ಟ್ರ್ಯಾಕ್ಟರಿನ ಮೂತಿಯೇ ಆಕಾಶ ನೋಡಿತು. ಮೂತಿಯ ಮೇಲೆ ಭಾರ ಬೇಕೆಂದು ಕಾಕಾ ಅತ್ತೆಯವರ ಕಣ್ಣು ತಪ್ಪಿಸಿ ಒಂದು ಚೀಲ ಜೋಳ ಕಟ್ಟಿದರು. ಟ್ರ್ಯಾಕ್ಟರೇನೋ ನೆಲಕ್ಕಿಳಿಯಿತು. ಆದರೆ ಅಲುಗಾಟಕ್ಕೆ ಚೀಲ ಹರಿದು, ಕಾಕಾ ಬಂಡೆಯೊಂದಿಗೆ ಊರೊಳಗೆ ಬರುವಾಗ ಹಿಂದೆ ಓಣಿಯ ಕೋಳಿಗಳೆಲ್ಲ ಮೆರವಣಿಗೆ ಹೊರಟಿದ್ದವು. ಚೀಲದಲ್ಲಿ ಉಳಿದದ್ದು ಒಂದು ಭಕ್ರಿ ತಟ್ಟಲು ಆಗುವಷ್ಟು!

ಹೀಗೆ ಒಂದೊಂದಾಗಿ ಕಲ್ಲುಗಳು ಬಂದವು. ಉಳಿದದ್ದು ಹೊಲದ ಬದುವಿನ ಕರಿಬಂಡೆ, ಮಲಗಿದ ಎಮ್ಮೆಯಂಥದು. ಕಾಕಾನ ಜೀವವೆಲ್ಲ ಅದರ ಮೇಲೆ. ಮಾವನವರ ಕಣ್ಣೂ ಅದರ ಮೇಲೆಯೇ, ಆದರೆ ಬೇರೆ ಕಾರಣಕ್ಕೆ. ಕುಸಿಯುತ್ತಿದ್ದ ಬಾವಿಯ ದಂಡೆ ಕಟ್ಟಲು ಕಲ್ಲು ಬೇಕಿತ್ತು. ಕಾರಹುಣ್ಣಿಮೆಯೊಳಗೆ ಅದು ಮನೆಗೆ ಬರದಿದ್ದರೆ ಮರುದಿನ ಬೆಳಿಗ್ಗೆ ಒಡೆಸುವುದೇ ಎಂದು ಹೇಳಿ, ಕಲ್ಲು ಒಡೆಯುವವರಿಗೆ ಬರಹೇಳಿಯೂ ಬಿಟ್ಟರು.

ಕಾಕಾ ಹಬ್ಬದ ದಿನವೇ ಎಳೆದು ತರುವವರಿದ್ದರು. ಆದರೆ ಅಂದು ಎತ್ತುಗಳಿಗೆಲ್ಲ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಪೂಜೆ ಮಾಡುವಾಗ ಅವರಿಗೆ ಟ್ರ್ಯಾಕ್ಟರನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಅದಕ್ಕೂ ಜೂಲ ಹೊದಿಸಿದರು, ಹೋಳಿಗೆ ಎಡೆ ತೋರಿಸಿದರು. ಕೋಡಿಗೆ ಕೋಡುಬಳೆ ಕಟ್ಟಬೇಕಲ್ಲ, ಕೋಡೆಲ್ಲಿದೆ? ಮೇಲಕ್ಕೆದ್ದ ಹೊಗೆ ಕೊಳವೆಗೇ ಕಟ್ಟಿದರು. ಒಂಟಿ ಕೋಡಿನ ಎತ್ತು!

ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಮಾವನವರು ಆರತಿ ಮುಗಿಯುವವರೆಗೆ ಕಾದು, ಆಮೇಲೆ ನಿಧಾನವಾಗಿ ಹೇಳಿದರು: “ಪೂಜಿ ಆತಿಲ್ಲೋ ತಮ್ಮಾ? ಇನ್ನ ಅದು ಎತ್ತು. ಇವತ್ತ ಹೂಡೂ ಹಂಗಿಲ್ಲ.”

ಕಾಕಾನ ಮುಖ ನೋಡಬೇಕಿತ್ತು. ಹಬ್ಬದ ದಿನ ಎತ್ತಿನ ಹೆಗಲಿಗೆ ನೊಗ ಇಡುವವರು ನಮ್ಮ ಕಡೆ ಯಾರಿದ್ದಾರೆ? ಎತ್ತು ಮಾಡಿದವರೂ ಅವರೇ. ಮಧ್ಯಾಹ್ನ ಹೋಳಿಗೆ ಬಡಿಸಿದರೆ ಅದನ್ನು ಮುರಿಯುತ್ತ ಕುಳಿತರೇ ಹೊರತು ಬಾಯಿಗಿಡಲಿಲ್ಲ.

ನಾನು ಮಾವನವರೊಡನೆ ನೇರ ಮಾತಾಡುವ ರೂಢಿ ಇರಲಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಅವರಿಗೆ ಕೇಳಿಸುವ ಹಾಗೆ ಅತ್ತೆಗೆ ಹೇಳಬೇಕು. ಸೆರಗು ಎಳೆದುಕೊಂಡು, ತುಪ್ಪ ಬಡಿಸುತ್ತಲೇ ಹೇಳಿದೆ: “ಅತ್ತೀ, ಸಂಜಿಗೆ ಎತ್ತೆಲ್ಲಾ ಕರಿ ಹರ್ಯಾಕ ಓಡಬೇಕಲ್ರಿ? ಇದೂ ಓಡಬೇಕಾಗತೈತಿ.”

ಊರಬಾಗಿಲಿಗೆ ಕಟ್ಟಿದ ಬೇವಿನ ತೋರಣವನ್ನು ಎತ್ತುಗಳು ಓಡಿಬಂದು ಹರಿಯುವುದೇ ಕರಿ. ಕಾಕಾ ತಟ್ಟನೆ ತಲೆ ಎತ್ತಿದರು.

“ಓಡಾಕ ಬಿಡಬೇಕ ಅಣ್ಣಾ. ಓಡೂಮುಂದ ಹಿಂದ ಏನರ ಜೋತ ಬಿದ್ದಿದ್ರ ಎತ್ತಿಗೇನ ಗೊತ್ತು?”

ಮಾವನವರು ತುಪ್ಪ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಆಮೇಲೆ, ಮೂತಿಯ ಮೇಲೆ ಯಾರು ಕೂಡುತ್ತಾರೆ ಎಂದಷ್ಟೇ ಕೇಳಿದರು. ಎಲ್ಲರೂ ಅವರನ್ನೇ ನೋಡಿದೆವು. ತೂಕದಲ್ಲಿ ಆ ಬಂಡೆಗೆ ಸರಿಸಾಟಿಯಾದವರು ಮನೆಯಲ್ಲಿ ಒಬ್ಬರೇ ಇದ್ದರು!

ಸಂಜೆ ಊರಿಗೆ ಊರೇ ಸೇರಿತ್ತು. ಟ್ರ್ಯಾಕ್ಟರಿನ ಗದ್ದಲ ಕೇಳಿ ನಿಜವಾದ ಎತ್ತುಗಳು ದಾರಿ ಬಿಟ್ಟು ಓಡಿದವು. ಕರಿ ಹರಿದದ್ದು ಮದುಮಗನ ಗತ್ತಿನಲ್ಲಿ ಮುಂದೆ ಕುಳಿತಿದ್ದ ಮಾವನವರ ಬಿಳಿ ರುಮಾಲು. ಬಿಳಿ ಎತ್ತು ಹರಿದರೆ ಬಿಳಿಜೋಳ, ಕೆಂದೆತ್ತು ಹರಿದರೆ ಕೆಂಪು ಕಾಳು ಹುಲುಸು ಎಂಬುದು ನಂಬಿಕೆ. ರುಮಾಲಿನ ಬಣ್ಣ ಲೆಕ್ಕಕ್ಕೋ, ಟ್ರ್ಯಾಕ್ಟರಿನದೋ ಎಂದು ಹಿರಿಯರು ಇನ್ನೂ ವಾದಿಸುತ್ತಿರುವಾಗಲೇ ಬಂಡೆ ನಮ್ಮ ಅಂಗಳ ಸೇರಿತ್ತು.

ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಅದಕ್ಕೆ ಮೆತ್ತಿದ್ದ ಎರೆಮಣ್ಣು ಒರೆಸಿದರು. ಒಂದು ಅಂಚಿನಲ್ಲಿ, ಗೇಣುದ್ದ, ನುಣ್ಣಗೆ ಸವೆದ ತಗ್ಗೊಂದು ಕಂಡಿತು. ರುಮಾಲಿನಲ್ಲಿ ಸಿಕ್ಕ ಬೇವಿನೆಲೆ ಕೊಡವುತ್ತಿದ್ದ ಮಾವನವರ ಕೈ ನಿಂತಿತು.

“ಅವ್ವ ಕುಡಗೋಲ ಮಸೀತಿದ್ದದ್ದು ಇಲ್ಲೇ ಅಲ್ಲೇನೋ?”

“ಹ್ಞೂಂ,” ಎಂದರು ಕಾಕಾ.

ನಮ್ಮ ಪಡಸಾಲೆಯಲ್ಲಿ ಕೋಟು ತೊಟ್ಟ ಅಜ್ಜನ ಫೋಟೋ ಇದೆ, ಬಹುಮಾನ ಗೆದ್ದ ಎತ್ತಿನ ಫೋಟೋ ಇದೆ. ಈ ಅವ್ವನದು, ಅಂದರೆ ಅಜ್ಜಿಯದು, ಇಲ್ಲ. ಫೋಟೋ ತೆಗೆಯುವವನು ಬಂದ ದಿನ ಆಕೆ ಹೊಲಕ್ಕೆ ಹೋಗಿದ್ದಳಂತೆ.

ಮಾವನವರು ಬಗ್ಗಿ ಆ ತಗ್ಗಿನಲ್ಲಿ ಬೆರಳು ಆಡಿಸಿದರು. ಮುಂದಕ್ಕೆ, ಹಿಂದಕ್ಕೆ.

“ತಮ್ಮಾ, ಇದರ ಮಾರಿ ಓಣಿ ಕಡೆ ಬ್ಯಾಡ. ಒಳಗ ಒಲಿ ಕಾಣೂ ಹಂಗ ತಿರಗಸು.”

ಸರಪಳಿ ಬಿಚ್ಚುತ್ತಿದ್ದ ಕಾಕಾ ಮತ್ತೆ ಅದನ್ನು ಬಿಗಿಯತೊಡಗಿದರು.