ಅತ್ತೆ ಹೋಂಸ್ಟೇ ಇಟ್ಟದ್ದು

ಮರವಂತೆಯಲ್ಲಿರುವ ನನ್ನ ಸೋದರತ್ತೆಯ ಹೋಂಸ್ಟೇಗೆ ಬಂದವರಿಗೆ ಸಮುದ್ರ ನೋಡಲು ಪುರುಸೊತ್ತೇ ಸಿಗುವುದಿಲ್ಲ! ಬೆಲ್ಲ-ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದಳೆಂದರೆ, ಊರು ಯಾವುದು, ಮದುವೆಯಾಗಿ ಎಷ್ಟು ವರ್ಷ, ಅತ್ತೆ-ಸೊಸೆ ಹೇಗಿದ್ದಾರೆ ಎಂಬ ವಿಚಾರಣೆ ಮುಗಿಯುವಾಗ ಸೂರ್ಯ ಮುಳುಗಿರುತ್ತಾನೆ.

ಒಂದು ಶುಕ್ರವಾರ ಹುಬ್ಬಳ್ಳಿಯ ಸಂಸಾರವೊಂದು ಹನ್ನೊಂದಕ್ಕೆ ಕೋಣೆ ಬಿಡಬೇಕಿತ್ತು. ಬಿಡಿಸಬೇಕಾದವಳೇ ಬಾಗಿಲಿಗೆ ಅಡ್ಡ ನಿಂತಳು! "ರಾಹುಕಾಲ. ಈಗ ಹೊರಡುಕಾಗ," ಅಂದಳು. ಅಷ್ಟರಲ್ಲಿ ಅದೇ ಕೋಣೆಗೆ ಬುಕ್ ಮಾಡಿದ ಇನ್ನೊಂದು ಸಂಸಾರ ಬಂದಿಳಿಯಿತು. ರಾಹುಕಾಲದಲ್ಲಿ ಅವರು ಒಳಗೆ ಬರುವಂತೆಯೂ ಇಲ್ಲವಲ್ಲ! ಒಂದು ಸಂಸಾರ ಜಗಲಿಯಲ್ಲಿ, ಇನ್ನೊಂದು ಅಂಗಳದಲ್ಲಿ, ಎಲ್ಲರ ಕೈಯಲ್ಲೂ ಅತ್ತೆಯ ಬಿಸಿ ಕಡುಬು. ಇದನ್ನು ವ್ಯಾಪಾರ ಅನ್ನುತ್ತಾರೆಯೇ?

ಆದರೂ ಕೇರಿಯ ಮನೆಮನೆಗೂ ಹೋಂಸ್ಟೇ ಬೋರ್ಡು ಬಿದ್ದದ್ದು ನೋಡಿ ಅತ್ತೆಗೆ ಹುಚ್ಚು ಏರಿತು. ಹೊಳೆ ಬದಿಯ ಎರಡು ಕೋಣೆಗಳನ್ನೂ ಹೋಂಸ್ಟೇಗೆ ಸೇರಿಸಲು ಹೊರಟಳು. ಅಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದವರು ಊರಿನ ಆಸ್ಪತ್ರೆಯ ನರ್ಸಮ್ಮ ಮತ್ತು ಅವರ ಪುಟ್ಟ ಮಗಳು. ತಿಂಗಳೊಳಗೆ ಬೇರೆ ಮನೆ ಸಿಗದಿದ್ದರೆ ವರ್ಗಾವಣೆ ಕೇಳುವುದೊಂದೇ ದಾರಿ ಎಂದು ಆಕೆ ಕಣ್ಣೀರು ತುಂಬಿಕೊಂಡರು.

ಅತ್ತೆ ಬಿಡುತ್ತಾಳೆಯೇ! ತಾನೇ ಮನೆ ಹುಡುಕಿಕೊಡುತ್ತೇನೆಂದು ನರ್ಸಮ್ಮನನ್ನೂ ನನ್ನನ್ನೂ ರಿಕ್ಷಾಕ್ಕೆ ಹತ್ತಿಸಿದಳು. ಬೈಂದೂರಿನವರೆಗೂ ಅದೇ ಕತೆ. ತಿಂಗಳ ಬಾಡಿಗೆ ಪ್ರವಾಸಿಗಳಿಂದ ಎರಡೇ ದಿನದಲ್ಲಿ ಬರುವಾಗ ಊರಿನವರಿಗೆ ಯಾರು ಮನೆ ಕೊಡುತ್ತಾರೆ? ಅತ್ತೆ ಪ್ರತಿ ಅಂಗಳದಲ್ಲೂ ನಿಂತು, ಊರಿನ ನರ್ಸಿಗೇ ಜಾಗ ಇಲ್ಲವೆಂದರೆ ಹೇಗೆ, ನಾಳೆ ಜ್ವರ ಬಂದರೆ ಪ್ರವಾಸಿಗಳು ಇಂಜೆಕ್ಷನ್ ಕೊಡುತ್ತಾರೆಯೇ ಎಂದು ಭಾಷಣ ಬಿಗಿದಳು. ನಾನು ನಗು ತಡೆಯಲಾರದೆ ರಿಕ್ಷಾದೊಳಗೆ ಮುಖ ಮುಚ್ಚಿಕೊಂಡೆ.

ಬೈಂದೂರು ಪಕ್ಕದ ಯಡ್ತರೆಯ ಕೊನೆಯ ಮನೆಯ ಅಜ್ಜ ಭಾಷಣವನ್ನೆಲ್ಲ ಶಾಂತವಾಗಿ ಕೇಳಿ, ಈಗಿರುವ ಮನೆ ಯಾರದೆಂದು ನರ್ಸಮ್ಮನಿಂದ ತಿಳಿದುಕೊಂಡು, ಅತ್ತೆಯತ್ತ ತಿರುಗಿದರು:

"ಅಲ್ದಾ ಅಮ್ಮ, ಹಾಂಗಾರೆ ನೀವ್ ಎಂತಕ್ಕೆ ಬಿಡ್ಸೂದ್?"

ಅತ್ತೆ ರಿಕ್ಷಾವನ್ನು ಮನೆ ಕಡೆ ತಿರುಗಿಸಲು ಹೇಳಿದಳು. ಮನೆ ತಲುಪಿದವಳೇ ನೇರ ಹೊಳೆ ಬದಿಯ ಕೋಣೆಗೆ ಹೋದಳು. ನರ್ಸಮ್ಮ ಕಟ್ಟಿಟ್ಟಿದ್ದ ಪಾತ್ರೆಗಳ ಗಂಟು ಬಿಚ್ಚಿ ಒಂದೊಂದನ್ನೇ ಕಪಾಟಿನಲ್ಲಿ ಜೋಡಿಸತೊಡಗಿದಳು. ಅಷ್ಟರಲ್ಲಿ ಫೋನು ಬಂತು. ಯಾರೋ ಹೊಳೆ ಕಾಣುವ ಕೋಣೆ ಕೇಳುತ್ತಿದ್ದರು.

"ಖಾಲಿ ಇಲ್ಲೆ," ಅಂದಳು ಅತ್ತೆ. "ಅಲ್ ನನ್ ಮಗಳ್ ಇದ್ಲ್."

ಅತ್ತೆಗೆ ಮಕ್ಕಳಿಲ್ಲ.