ಏಣಿಗೆ ಒಂದು, ನನಗೆ ಏಳು

ಏಣಿ ಕಳೆದ ಬುಧವಾರ ಬೆಳಿಗ್ಗೆ ತೀರಿಕೊಂಡ. ಹೃದಯಾಘಾತ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಏಣಿ ಅನ್ನೋದು ಮೂರನೇ ಕ್ಲಾಸಿನಲ್ಲಿ ನಾನು ಅವನಿಗಿಟ್ಟ ಹೆಸರು. ಅವನು ನನಗಿಟ್ಟದ್ದು ಚೆಂಡು. ಐವತ್ತು ವರ್ಷವಾದರೂ ಇಬ್ಬರ ಮೈಕಟ್ಟೂ ಹೆಸರಿಗೆ ಮೋಸ ಮಾಡಲಿಲ್ಲ. ಇಂಥ ಗೆಳೆಯನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ನೆನಪಾಗುತ್ತಿರುವುದು ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು. ಅದನ್ನೇ ಬರೆಯುತ್ತೇನೆ. (ಸುಳ್ಳು ಬರೆದರೆ ಅವನಿಗೆ ಹಿಡಿಸುತ್ತಿರಲಿಲ್ಲ.)

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೆಂಡತಿಯ ಹೊಲಿಗೆ ಅಂಗಡಿ. ಗಿರಾಕಿಗಳ ಅಳತೆ ಬರೆದಿಟ್ಟ ಪುಸ್ತಕ ಹರಿದು ಚೂರಾಗಿತ್ತು. ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಏಣಿ, "ಎಲ್ಲಾನೂ ಕಂಪ್ಯೂಟರಿಗೆ ಹಾಕಿಕೊಡ್ತೀನಿ ತಂಗೀ" ಅಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಅಣ್ಣನ ಪಾರಾಯಣ. ಅಣ್ಣ ಕುಡಿದ ಲೋಟ ತಾವೇ ತೊಳೀತಾರೆ. ಅಣ್ಣ ದನಿ ಏರಿಸಿ ಮಾತಾಡಲ್ಲ. ಅಣ್ಣನಿಗೆ ಹೊಟ್ಟೆ ಇಲ್ಲ. (ಹೊಟ್ಟೆ ಇಲ್ಲದಿರುವುದು ಒಂದು ಸದ್ಗುಣವೆಂದು ನನಗೆ ಗೊತ್ತಾದದ್ದು ಆಗಲೇ.)

"ಪ್ರತಿ ಗಿರಾಕಿಗೂ ಒಂದು ಗುರುತು ಬೇಕು," ಅಂತ ಏಣಿ ಶುರುಮಾಡಿದ. "ಅದು ಇನ್ನೊಬ್ಬರಿಗೆ ಇರಬಾರದು, ಯಾವತ್ತೂ ಬದಲಾಗಬಾರದು. ಅದಕ್ಕೆ ಪ್ರೈಮರಿ ಕೀ ಅಂತಾರೆ."

"ಹೆಸರಿದೆಯಲ್ಲ ಅಣ್ಣಾ?"

"ಈ ಬೀದಿಯಲ್ಲೇ ಒಂದೇ ಹೆಸರಿನವರು ಮೂರು ಜನ ಇದ್ದಾರೆ."

"ಫೋನ್ ನಂಬರು!" ಅಂದೆ ನಾನು.

"ಮನೆಮಂದಿಗೆಲ್ಲ ಒಂದೇ ಫೋನ್ ಕೊಡ್ತಾರೆ ಕಣೋ. ಅಪ್ಪನ ಪ್ಯಾಂಟೂ ಮಗಳ ಲಂಗವೂ ಒಂದೇ ಸಾಲಿಗೆ ಬಂದು ಕೂರುತ್ತೆ."

ನಾನು ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು. ಸೋಲುವ ಜಾತಿಯಲ್ಲ. ನಾಮಧೇಯ, ಜನ್ಮದಿನಾಂಕ, ವಾಸಸ್ಥಾನ ಈ ಮೂರನ್ನೂ ಬೆಸೆದ ಮಹಾಸಂಯುಕ್ತ ಗುರುತಿನ ಮೇಲೆ ಕಾಲು ಗಂಟೆ ಭಾಷಣ ಬಿಗಿದೆ.

"ದರ್ಜಿಗೆ ಸೊಂಟದ ಅಳತೆ ಹೇಳ್ತಾರೆ, ಹುಟ್ಟಿದ ವರ್ಷ ಹೇಳಲ್ಲ," ಅಂತ ಏಣಿ ನಕ್ಕ. "ಬರೀ ನಂಬರು ಸಾಕು. ಒಂದು, ಎರಡು, ಮೂರು. ಅದಕ್ಕೆ ಅರ್ಥವೇ ಇರಬಾರದು. ಅರ್ಥ ಇರೋದೆಲ್ಲ ಒಂದಲ್ಲ ಒಂದು ದಿನ ಬದಲಾಗುತ್ತೆ."

"ಎಷ್ಟು ಚೆನ್ನಾಗಿ ಹೇಳಿದ್ರಿ ಅಣ್ಣಾ!" ಅಂದಳು ನನ್ನವಳು. ನನ್ನ ಕಾಲು ಗಂಟೆಗೆ ಅವಳು ಆಕಳಿಸಿದ್ದಳು.

ವಾರ ಕಳೆದ ಮೇಲೆ ಪಟ್ಟಿ ನೋಡಿದೆ. ಒಂದನೇ ನಂಬರು ಏಣಿ. ನಾನು ಏಳು. ನಡುವೆ ಯಾರಿದ್ದಾರೆ ಅಂತ ನೋಡುವಷ್ಟು ತಾಳ್ಮೆಯೂ ನನಗಿರಲಿಲ್ಲ.

"ಕಟ್ಟಿಕೊಂಡ ಗಂಡ ಏಳನೆಯವನೇನೇ?"

"ನಂಬರಿಗೆ ಅರ್ಥ ಇಲ್ಲ ಅಂತ ಅಣ್ಣ ಹೇಳಿದ್ರಲ್ಲ."

"ಅರ್ಥ ಇಲ್ಲ ಅಂದ್ಮೇಲೆ ಒಂದು ನನಗೇ ಇರಲಿ."

"ಅರ್ಥ ಇಲ್ಲ ಅಂದ್ಮೇಲೆ ನಿಮಗ್ಯಾಕ್ರೀ?"

ಅವಳು ನೂಲು ತರಲು ಹೋದಾಗ ನಾನು ಕಂಪ್ಯೂಟರಿನ ಮುಂದೆ ಕೂತೆ. ತಪ್ಪು ಕಂಡರೆ ತಿದ್ದುವುದು ನನ್ನ ವೃತ್ತಿಧರ್ಮ. ಒಂದು ನಂಬರು ಇಬ್ಬರಿಗೆ ಇರುವಂತಿಲ್ಲವೆಂದು ಯಂತ್ರ ತಕರಾರು ತೆಗೆಯಿತು. ಏಣಿಯನ್ನು ಒಂಬತ್ತು ಸಾವಿರಕ್ಕೆ ಗಡೀಪಾರು ಮಾಡಿದೆ, ಒಂದರ ಸಿಂಹಾಸನವೇರಿದೆ, ಆಮೇಲೆ ಕನಿಕರಪಟ್ಟು ಅವನನ್ನು ಏಳಕ್ಕೆ ಕರೆತಂದೆ. ಮೂರು ನಿಮಿಷದಲ್ಲಿ ರಾಜ್ಯಕ್ರಾಂತಿ ಮುಗಿಯಿತು.

ನನಗೆ ಗೊತ್ತಿರದಿದ್ದದ್ದು ಇಷ್ಟೇ. ಅಳತೆಗಳು ಬೇರೊಂದು ಪಟ್ಟಿಯಲ್ಲಿದ್ದವು. ಅಲ್ಲಿ ಯಾರ ಹೆಸರೂ ಇಲ್ಲ, ಬರೀ ನಂಬರು. ನಾನು ಸಿಂಹಾಸನದ ಜೊತೆಗೆ ಏಣಿಯ ಎದೆ, ಸೊಂಟ, ತೋಳುಗಳನ್ನೂ ಗೆದ್ದುಕೊಂಡಿದ್ದೆ.

ಏಣಿಯ ನಿವೃತ್ತಿ ಸಮಾರಂಭಕ್ಕೆ ನಮ್ಮಿಬ್ಬರಿಗೂ ಹೊಸ ಕೋಟು ತಯಾರಾಗುತ್ತಿತ್ತು. ಬಟ್ಟೆ ಕತ್ತರಿಸುವ ಮಾಸ್ತರು ಮುಖ ನೋಡುವವನಲ್ಲ, ನಂಬರು ನೋಡುವವನು. ಸಮಾರಂಭದ ದಿನ ಹಾಕಿಕೊಂಡು ನೋಡಿದರೆ ನನ್ನ ಬೆರಳು ತೋಳಿನೊಳಗೆ ಮಾಯ, ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಬಯಲು. ಏಣಿಯ ಕೋಟು ಅಗಲಕ್ಕೆ ಡೇರೆ, ಉದ್ದಕ್ಕೆ ರವಿಕೆ. ಬೇರೆ ಕೋಟಿಗೆ ಸಮಯವಿರಲಿಲ್ಲ. ಅವನು ಅದನ್ನೇ ತೊಟ್ಟು ವೇದಿಕೆ ಹತ್ತಿದ. "ಕಚೇರಿ ನನ್ನನ್ನು ಎಷ್ಟು ಸವೆಸಿದೆ ನೋಡಿ," ಅಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

"ನಂದೇ ತಪ್ಪು ತಂಗೀ, ನಂಬರಿಗೆ ಬೀಗ ಹಾಕಿರಲಿಲ್ಲ," ಅಂದ ನನ್ನವಳಿಗೆ.

"ಅಷ್ಟೂ ಗೊತ್ತಾಗಲ್ವಾ ನಿಮಗೆ?" ಅಂತ ಅವಳು ಅವನನ್ನು ಗದರಿದಳು. ಆ ದನಿ ಇಪ್ಪತ್ತೆಂಟು ವರ್ಷದಿಂದ ನನ್ನೊಬ್ಬನ ಸ್ವತ್ತು. ಅದರಲ್ಲೂ ಪಾಲು ಹೋಯಿತಲ್ಲ ಎಂದು ಸಂಕಟವಾಯಿತು.

ಕಳೆದ ಮಂಗಳವಾರ ಸಂಜೆ ಅವನು ಬಂದು ನಂಬರುಗಳನ್ನು ಮೊದಲಿನಂತೆ ಮಾಡಿ ನಮ್ಮ ನಮ್ಮ ಅಳತೆ ನಮಗೆ ಸೇರಿಸಿದ, ನಂಬರಿಗೆ ಬೀಗ ಹಾಕಿದ. ಹೆಂಡತಿ ಒಳಗಿದ್ದಳು.

"ಒಂದು ಅಷ್ಟು ಬೇಕಿತ್ತೇನೋ ಚೆಂಡು?" ಅಂದ ಮೆಲ್ಲಗೆ.

"ನೀನ್ಯಾಕೆ ಮೊದಲು ಹೋಗಿ ಕೂತೆ?"

"ಪರೀಕ್ಷೆಗೆ ಯಾರದ್ದಾದರೂ ಒಂದು ಸಾಲು ಬೇಕಿತ್ತು. ಕೆಟ್ಟರೆ ನಂದೇ ಕೆಡಲಿ ಅಂತ ಹಾಕಿದೆ."

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. "ಆದರೂ ಒಂದು ಒಂದೇ ಅಲ್ವಾ," ಅಂದೆ.

ಅವನು ತನ್ನ ಸಾಲನ್ನು ಅಳತೆ ಸಮೇತ ಅಳಿಸಿಹಾಕಿದ.

"ಈಗ ಒಂದು ನಂದಾ?"

"ಇಲ್ಲ ಕಣೋ. ಒಮ್ಮೆ ಕೊಟ್ಟ ನಂಬರು ಇನ್ನೊಬ್ಬರಿಗೆ ಕೊಡೋದಿಲ್ಲ. ಅದು ಖಾಲಿಯೇ ಇರುತ್ತೆ. ಈಗ ಮೊದಲನೆಯವರು ಎರಡನೇ ನಂಬರಿನವರು."

ನೋಡಿದೆ. ಎರಡನೇ ನಂಬರು ಪಕ್ಕದ ಮನೆಯ ನಾಯಿ. ಚಳಿಗೆ ಅಂಗಿ ಹೊಲಿಸಿಕೊಂಡಿತ್ತು.

ಹಿಂದಿನಿಂದ ದನಿ ಬಂತು: "ಅಂದ್ರೆ ಅವತ್ತು ನಂಬರು ಬದಲಾಯಿಸಿದ್ದು ಇವರಾ?"

"ಅಲ್ಲ ತಂಗೀ, ಅದು..."

"ನೀವು ಸುಮ್ನಿರಿ ಅಣ್ಣಾ. ಇವರ ಮುಖದಲ್ಲೇ ಬರೆದಿದೆ. ಥೂ, ನಾಯಿ ಹಿಂದೆ ನಿಂತ್ಕೊಳ್ಳಿ ಹೋಗಿ!"

ಏಣಿ ಕುರ್ಚಿ ಹಿಡಿದುಕೊಂಡು ನಕ್ಕ. ಅಳಿಸಿದ ಅಳತೆ ಮತ್ತೆ ತೆಗೆಯಬೇಕಿತ್ತು. ಟೇಪು ಹಿಡಿದ ನನ್ನವಳು, "ಎರಡು ಇಂಚು ಇಳಿದಿದ್ದೀರಲ್ಲ ಅಣ್ಣಾ," ಅಂದಳು. ನಾನು ನನ್ನ ಹೊಟ್ಟೆ ಒಳಗೆಳೆದುಕೊಂಡೆ. ಆ ಎರಡು ಇಂಚನ್ನು ಕಂಡು ನನಗೆ ಆದದ್ದು ಇಷ್ಟೇ, ಹೊಟ್ಟೆಕಿಚ್ಚು. ಬೇರೇನೂ ಹೊಳೆಯಲಿಲ್ಲ.

ಆಮೇಲೆ ಅವನು ಹೊಸ ಗಿರಾಕಿಯ ಹಾಗೆ ತನ್ನ ಹೆಸರು, ಫೋನು ತುಂಬಿದ. ನಂಬರು ತಾನಾಗಿ ಬಂತು: ನಾನೂರ ಹನ್ನೆರಡು. ಎಲ್ಲರಿಗಿಂತ ಕೊನೆ. ಕೆಳಗೆ ಒಂದು ಖಾನೆ ಇದೆ, ಅಂಗಡಿಯನ್ನು ಪರಿಚಯಿಸಿದವರ ನಂಬರು ಬರೆಯಲು. ಯಾರೂ ಅದನ್ನು ತುಂಬುವುದಿಲ್ಲ. ಏಣಿ ಕನ್ನಡಕ ಸರಿಮಾಡಿಕೊಂಡ. ಆ ಖಾನೆಯಲ್ಲಿ, ಒಂದೇ ಬೆರಳಿನಿಂದ, ಏಳು ಅಂತ ಒತ್ತಿದ.