ನನ್ನ ಎಸೆಮೊಳೆಗಳ ಪರಾಕ್ರಮ

ಉಕ್ಕಿಗೆ ಮೊನೆ ಮಾಡಿ ಎಸೆದರೆ ಅದು ಹೋಗಿ ನಾಟಲೇಬೇಕು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದ ವಿಡಿಯೋ ಪಾರ್ಲರಿನಲ್ಲಿ ನೋಡಿದ ಜಪಾನಿ ಸಿನಿಮಾದಲ್ಲಿ ಕಪ್ಪು ಬಟ್ಟೆಯವನೊಬ್ಬ ಹಾಗೆಯೇ ಮಾಡಿದ್ದ. ಅವನಿಂದಾಗುವುದು ಗುಮಾಸ್ತನಾದ ನನ್ನಿಂದ ಏಕಾಗದು?

ಸಾದಲಿಯ ನಮ್ಮ ಮನೆ ಕಟ್ಟಿದಾಗ ಉಳಿದಿದ್ದ ಉಕ್ಕಿನ ಸರಳನ್ನು ಗೇಣುದ್ದದ ತುಂಡುಗಳಾಗಿ ಕೊಯ್ದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉಜ್ಜಿ ಮೊನೆ ಮಾಡಿ, ‘ಎಸೆಮೊಳೆ’ ಎಂದು ನಾಮಕರಣವನ್ನೂ ಮಾಡಿದೆ. ಮರುದಿನ ಗೀರುಬಿದ್ದ ಆ ಕಲ್ಲಿನ ಮೇಲೆ ಒಗೆದ ನನ್ನ ಬನಿಯನ್ ಜರಡಿಯಾಗಿ ಬಂತು!

ಇನ್ನು ಗುರಿ ಬೇಕು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಇದೆಯಲ್ಲ, ಸುತ್ತು ಸುತ್ತಾಗಿ ಹೆಣೆದದ್ದು, ಅದಕ್ಕಿಂತ ಒಳ್ಳೆಯ ಗುರಿ ಜಪಾನಿನಲ್ಲೂ ಇರಲಾರದು. ಹರಿದದ್ದೊಂದನ್ನು ಹಿತ್ತಲ ಗೋಡೆಗೆ ಒರಗಿಸಿ ಎಸೆದೆ. ಮೊಳೆ ಗೋಡೆಗೆ ಬಡಿದು, ಹಿಂದಿರುಗಿ, ನನ್ನ ಕಾಲಿನ ಹೆಬ್ಬೆರಳಿಗೇ ಬಂತು. ಇಂಜೆಕ್ಷನ್ ಆಯಿತು.

“ಎಸೆದೋರನ್ನೇ ಹುಡುಕ್ಕೊಂಡು ಬರ್ತವಲ್ಲ್ರೀ, ಎಷ್ಟು ನಿಯತ್ತು!” ಎಂದಳು ಹೆಂಡತಿ ಸರೋಜ.

ಸರೋಜ ಬೆಳೆಯುವ ರೇಷ್ಮೆಗೂಡಿಗೆ ಮಾರುಕಟ್ಟೆಯಲ್ಲಿ ಹೆಸರಿತ್ತು. ಹಿಪ್ಪುನೇರಳೆ ಸೊಪ್ಪು ಹೊತ್ತು, ನಿದ್ದೆಗೆಟ್ಟು ಅವಳು ಸಂಪಾದಿಸಿದ ಹೆಸರು ಅದು. ಆ ಸಲವೂ ಬೆಳೆ ಚೆನ್ನಾಗಿ ಬಂದು, ಗೂಡು ತುಂಬಿದ ಚಂದ್ರಿಕೆಗಳು ಅದೇ ಗೋಡೆಗೆ ಸಾಲಾಗಿ ನಿಂತಿದ್ದವು. ಅಂದೇ ಮಂಚೇನಹಳ್ಳಿಯಿಂದ ಅವಳ ತಮ್ಮ ವೆಂಕಟೇಶ ಬರಬೇಕೆ!

“ಏನ್ ಭಾವ, ಅದೇನೋ ಎಸೀತೀರಂತೆ?”

ಮಾನದ ಪ್ರಶ್ನೆ! “ಸಾಲಿನ ಕೊನೇಲಿ ಹರಿದಿರೋದಿದೆ ನೋಡಪ್ಪ, ಅದಕ್ಕೆ” ಎಂದೆ.

“ರೀ, ಬೇಡ! ನಾಳೆ ಗೂಡು ಬಿಡಿಸ್ಬೇಕು!” ಎಂದು ಸರೋಜ ಒಳಗಿನಿಂದ ಕೂಗುವಷ್ಟರಲ್ಲಿ ಎಸೆದಾಗಿತ್ತು. ಒಂದರ ಹಿಂದೊಂದು. ಅಷ್ಟು ದಿನ ಎಲ್ಲಿಯೂ ನಾಟದಿದ್ದ ಮೊಳೆಗಳು ಅಂದು ಒಂದೂ ಬಿಡದಂತೆ ನಾಟಿದವು. ಪಕ್ಕದ ಚಂದ್ರಿಕೆಗೆ!

ವೆಂಕಟೇಶ ಚಪ್ಪಾಳೆ ತಟ್ಟಿದ. ಹೊರಬಂದ ಅಕ್ಕನ ಮುಖ ನೋಡಿ ನಿಲ್ಲಿಸಿದ.

ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚುವುದಿಲ್ಲ. ಅಂಥವನ್ನೆಲ್ಲ ಅವಳು ಆರಿಸಿ ತೆಗೆದಳು. ಗೂಡಿನ ಚೀಲ ಹೊತ್ತು ನಾನೂ ಅವಳ ಹಿಂದೆ ಮಾರುಕಟ್ಟೆಗೆ ಹೋದೆ. ಆದರೇನು, ಅಲ್ಲಿ ರಾಶಿಗೆ ಕೈಹಾಕಿದ, ನೂಲು ಬಿಚ್ಚುವ ರೀಲರಿಗೆ ನಮ್ಮ ಕಣ್ತಪ್ಪಿ ಉಳಿದ ಒಂದು ತೂತುಗೂಡೇ ಸಿಗಬೇಕೆ!

“ಏನಮ್ಮ, ನಿಮ್ಮ ಗೂಡಲ್ಲೂ ತೂತಾ? ಮನೇಲಿ ಇಲಿ ಸೇರ್ಕೊಂಡಿದ್ಯಾ?”

“ಇಲಿ ಆಗಿದ್ರೆ ಬೋನಿಡ್ತಿದ್ದೆ ಕಣಣ್ಣ” ಎಂದಳು ಸರೋಜ, ನನ್ನತ್ತ ತಿರುಗಿಯೂ ನೋಡದೆ. “ಇದು ತಾಳಿ ಕಟ್ಟಿದೆ, ಏನ್ಮಾಡ್ಲಿ?”

ಅವಳ ಮೇಲೆ ಕನಿಕರ ಹುಟ್ಟಿತೇನೋ, ರೀಲರ್ ದರ ಇಳಿಸಲಿಲ್ಲ. ಗೂಡಿನ ಮಾನ ಉಳಿಯಿತು. ನನ್ನದನ್ನು ಅಂದು ಹರಾಜಿಗಿಟ್ಟಿದ್ದರೆ ಕೂಗುವವರು ಯಾರೂ ಇರುತ್ತಿರಲಿಲ್ಲ.